ಎದುರು ಬಂಡೆಯ ಗಂಟೆ

ನವೆಂಬರ್ 3

ಅಳಿಯನಿಗೆ,

ನಿನ್ನ ಕಾಗದ ಬಂತು. ನಿನ್ನ ಅತ್ತೆ ಎರಡು ಸಲ ಓದಿಸಿ ಕೇಳಿದಳು. ನನಗೆ ಒಂದು ಸಲವೇ ಹೆಚ್ಚಾಯಿತು. ಇಷ್ಟು ವರ್ಷ ನಿನ್ನನ್ನು ‘ನೀವು’ ಎನ್ನುತ್ತಿದ್ದವನು ಈಗ ‘ನೀನು’ ಎನ್ನುತ್ತಿದ್ದೇನೆ, ಬೇಜಾರಾದರೆ ಆಗಲಿ. ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ತಗಡು ಬಡಿಯಲು ಕೂತವನು ನಾನು. ಪೆಟ್ಟಿಗೆ ಮಾಡುವವನ ಬಾಯಲ್ಲಿ ಸಕ್ಕರೆ ಸುರಿಯುವುದಿಲ್ಲ.

ಮಗುವನ್ನು ಕಳಿಸಿಕೊಡಿ ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ಪುಟ್ಟಿ ಇಲ್ಲಿ ಚೆನ್ನಾಗಿದ್ದಾಳೆ. ನನ್ನ ಅಂಗಡಿಯಲ್ಲಿ ಅರ್ಧ ಮಾಡಿಟ್ಟ ಟ್ರಂಕಿನೊಳಗೆ ಕೂತು ಬಸ್ಸು ಓಡಿಸುತ್ತಾಳೆ. ಕಂಡಕ್ಟರು ನಾನೇ. ‘ಅಮ್ಮನ ಊರು, ಇಳೀರಿ’ ಎಂದು ಅವಳೇ ಕೂಗುತ್ತಾಳೆ, ಇಳಿಯುವವರು ಯಾರೂ ಇರುವುದಿಲ್ಲ. ಆಗ ನಿನ್ನ ಅತ್ತೆ ಎದ್ದು ಒಳಗೆ ಹೋಗುತ್ತಾಳೆ.

ನನ್ನದು ಒಂದೇ ಪ್ರಶ್ನೆ. ಅವತ್ತು ಹಗ್ಗ ಯಾವಾಗ ಬಿಟ್ಟೆ?

ಮಂಜು ಇಳಿದ ದಿನ ನಿಮ್ಮೂರಿನ ಗೋಪುರದ ಗಂಟೆ ಬಾರಿಸುವ ಸರದಿ ನಿಮ್ಮ ಮನೆಯದು. ನನ್ನ ಮಗಳು ಬಟ್ಟೆ ಹೊಲಿದುಕೊಟ್ಟು ಮೇಲಿನ ಕೇರಿಯಿಂದ ಇಳಿದು ಬರುತ್ತಿದ್ದಳು. ಮಂಜಿನಲ್ಲಿ ಕಣ್ಣು ಕಾಣದವರು ಗಂಟೆ ಸದ್ದು ಹಿಡಿದು ಮನೆ ಸೇರುತ್ತಾರೆ, ಅದಕ್ಕೇ ಆ ಗೋಪುರ ಇರುವುದು. ‘ಅಪ್ಪಾ, ನಾನೀಗ ಕಣ್ಣು ಮುಚ್ಚಿಕೊಂಡೂ ಗಂಟೆ ಹಿಡಿದು ಮನೆಗೆ ಬರ್ತೀನಿ’ ಎಂದು ಅವಳೇ ನನಗೆ ಬರೆದಿದ್ದಳು. ಅಂಥವಳು ಕೊಳ್ಳಕ್ಕೆ ಹೇಗೆ ಬಿದ್ದಳು? ಗಂಟೆ ನಿಂತಿತ್ತು. ನಿಲ್ಲಿಸಿದವನು ನೀನು. ಬೀಡಿ ಸೇದಲು ಹೋದೆಯೋ, ಕೈ ನೋಯಿತೋ, ಹರಟೆ ಹೊಡೆಯುತ್ತ ಕೂತೆಯೋ, ಏನೋ ಒಂದು. ಅದನ್ನು ಬಾಯಿಬಿಟ್ಟು ಹೇಳು. ಹೇಳುವ ತನಕ ಮಗಳ ಮುಖ ನಿನಗಿಲ್ಲ.

ಇಂತಿ,
ನಿನ್ನ ಮಾವ

&nbsp;

ನವೆಂಬರ್ 14

ಮಾವನವರಿಗೆ ನಮಸ್ಕಾರಗಳು.

ನಾನು ಹಗ್ಗ ಬಿಡಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ನಾಲ್ಕು ದಿನ ಕೂತೆ. ಆಸ್ಪತ್ರೆಯಲ್ಲಿ ನಲ್ಲಿ, ಪೈಪು ರಿಪೇರಿ ಕೆಲಸ ಸಿಕ್ಕಿದೆ. ಇಳಿಸಂಜೆಗೆ ಕೆಲಸ ಮುಗಿಯುತ್ತದೆ. ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ. ಆ ಊರಿನಲ್ಲಿ ಇರಲಾಗಲಿಲ್ಲ, ಇಳಿದು ಬಂದುಬಿಟ್ಟೆ.

ನಮ್ಮೂರಿನ ಕತೆ ನಿಮಗೆ ಮದುವೆಯ ವರ್ಷವೇ ಹೇಳಿದ್ದೆ. ಹಿಂದೆ ಕಣಿವೆ ದಾಟುತ್ತಿದ್ದ ಒಂದು ಗುಂಪು ಮಂಜಿನಲ್ಲಿ ದಾರಿ ತಪ್ಪಿ ಎಲ್ಲರೂ ಕೊಳ್ಳ ಸೇರಿದರು. ಅವರ ನೆನಪಿಗೆ ಅವರ ಕಡೆಯವರು ಗೋಪುರ ಕಟ್ಟಿ ಗಂಟೆ ತೂಗುಹಾಕಿದರು, ಇನ್ನೊಬ್ಬರು ಹಾಗೆ ಸಾಯಬಾರದೆಂದು. ಬಾರಿಸುವವನಿಗೊಂದು ಗುಡಿಸಲು ಎದ್ದಿತು, ಅವನ ಮಕ್ಕಳಿಗೆ ಇನ್ನೆರಡು. ಊರು ಬೆಳೆದದ್ದು ಹಾಗೆ. ನಮ್ಮಲ್ಲಿ ಒಂದು ಮಾತಿದೆ: ಹಗ್ಗ ಬಿಟ್ಟವನೇ ಕೊಳ್ಳಕ್ಕೆ ತಳ್ಳಿದವನು. ತೊಟ್ಟಿಲಲ್ಲಿರುವಾಗಲೇ ಇದನ್ನು ಕೇಳಿ ಬೆಳೆದವನು ನಾನು. ಹೆಂಡತಿ ಹೊರಗಿರುವಾಗ ಬಿಡುತ್ತೇನೆಯೇ?

ಅವಳು ಮೇಲಿದ್ದಾಳೆಂದು ಗೊತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಎಳೆದೆ. ಪಕ್ಕದ ಮನೆಯವನು ಬಂದು ಕೈ ಬದಲಿಸುತ್ತೇನೆಂದ, ಕೊಡಲಿಲ್ಲ. ಊರವರು ಬಂದು ವಿಷಯ ಹೇಳಿದರು, ಆಗಲೂ ಎಳೆಯುತ್ತಿದ್ದೆನಂತೆ. ಬೆರಳು ಬಿಡಿಸಿದರಂತೆ. ನನಗೆ ನೆನಪಿಲ್ಲ.

ನಂಬಿಕೆ ಬಾರದಿದ್ದರೆ ಹೋಗಿ ಕೇಳಿ. ಮಗುವಿಗೆ ನೆಗಡಿಯಾದರೆ ಕಿವಿ ಸೋರುತ್ತದೆ, ಹತ್ತಿ ಇಡಬೇಕು. ಅತ್ತೆಗೆ ಹೇಳಿ.

ನಿಮ್ಮ ಅಳಿಯ

&nbsp;

ಡಿಸೆಂಬರ್ 2

ಅಳಿಯನಿಗೆ,

ಕೇಳು ಅಂದೆ, ಬಂದಿದ್ದೇನೆ. ಅಂಗಡಿಗೆ ಬೀಗ ಹಾಕಿ, ನಿನ್ನ ಅತ್ತೆಯ ಬೈಗುಳ ತಿಂದು, ನಿಮ್ಮೂರಿನ ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ. ಮಗುವಿನ ಕಿವಿಗೆ ಹತ್ತಿ ಇಟ್ಟಿದೆ.

ನಾನು ಮದುವೆಯ ವರ್ಷ ನೋಡಿದ ಊರಲ್ಲ ಇದು. ಅವತ್ತು ಮಗುವನ್ನು ಎತ್ತಿಕೊಂಡು ಹೋಗಲು ಬಂದಾಗ ನನ್ನ ಕಣ್ಣಿಗೆ ಏನೂ ಬಿದ್ದಿರಲಿಲ್ಲ, ಈಗ ನೋಡುತ್ತಿದ್ದೇನೆ. ಬಸ್ಸಿಳಿದರೆ ದೊಡ್ಡ ಕಮಾನು, ‘ಐತಿಹಾಸಿಕ ಸ್ಮಾರಕ ಗ್ರಾಮಕ್ಕೆ ಸ್ವಾಗತ’. ಎರಡೂ ಬದಿ ಅಂಗಡಿ, ಎಲ್ಲದರಲ್ಲೂ ಬೆರಳುದ್ದದ ಹಿತ್ತಾಳೆ ಗಂಟೆ. ಬಂದವರ ಮಕ್ಕಳೆಲ್ಲ ಟಿಂಗ್ ಟಿಂಗ್ ಎಂದು ಬಾರಿಸಿ ತಲೆ ಚಿಟ್ಟು ಹಿಡಿಸಿದರು. ಸತ್ತವರ ನೆನಪಿಗೆ ಕಟ್ಟಿದ ಗೋಪುರದ ಮುಂದೆ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಒಬ್ಬನಿಗೆ, ‘ಏನಪ್ಪಾ, ನಿಮ್ಮಪ್ಪನ ಮದುವೇನಾ?’ ಅಂದೆ. ಅವನು ಇನ್ನೊಂದು ಫೋಟೊ ತೆಗೆದ, ನನ್ನದು.

ಗೋಪುರ ಮಾತ್ರ ಹಾಗೇ ಇದೆ. ಕಲ್ಲಿಗೆ ಹಾವಸೆ, ಹೆಸರುಗಳು ಸವೆದಿವೆ. ಒಳಗೆ ಹಗ್ಗ ಇಳಿಬಿಟ್ಟ ಕಡೆ ಚಪ್ಪಡಿ ಎರಡು ಪಾದದ ಅಳತೆಗೆ ಗುಳಿ ಬಿದ್ದಿದೆ. ಎಷ್ಟು ತಲೆಮಾರು ಅಲ್ಲಿ ನಿಂತು ಎಳೆದಿದೆಯೋ. ನಾನೂ ನಿಂತು ನೋಡಿದೆ. ಹಗ್ಗದಲ್ಲಿ ಎದೆಮಟ್ಟಕ್ಕೆ ಒಂದು ಮೊಳ ಕಂದು ಕಲೆಯಿದೆ. ‘ಎಣ್ಣೆ ಅದು’ ಎಂದ ಕಾವಲಿನವನು. ಎಣ್ಣೆಯ ಕಲೆ ಹೇಗಿರುತ್ತದೆಂದು ತಗಡಿನವನಿಗೆ ಹೇಳಿಕೊಡಬೇಕಾಗಿಲ್ಲ, ಅದು ಅಂಗೈ ಸುಲಿದ ರಕ್ತ.

ಕಂಡಕಂಡವರನ್ನು ಕೇಳಿದೆ. ಚಹಾದಂಗಡಿಯವನು, ‘ನಿಮ್ಮ ಅಳಿಯ ಅವತ್ತು ಎಳೆದ ಹಾಗೆ ಯಾರೂ ಎಳೆದಿಲ್ಲ ಯಜಮಾನ್ರೇ. ನನ್ನ ಗ್ಲಾಸುಗಳೆಲ್ಲ ಗಲಗಲ ಅಂತಿದ್ವು’ ಎಂದ. ಗೋಪುರದ ಸಮಿತಿ ಅಧ್ಯಕ್ಷನೂ ಅದನ್ನೇ ಹೇಳಿದ. ಊರೆಲ್ಲ ಒಂದೇ ಪಾಠ ಒಪ್ಪಿಸಿದರೆ ನನಗೆ ಅನುಮಾನ ಜಾಸ್ತಿ. ಆದರೆ ಆ ಹಗ್ಗ ಯಾರ ಪಾಠವನ್ನೂ ಒಪ್ಪಿಸುತ್ತಿರಲಿಲ್ಲ.

ಇದು ಮೂರಂತಸ್ತಿನ ಹೊಸ ವಸತಿಗೃಹ, ಹೋದ ಮಳೆಗಾಲಕ್ಕೆ ಮುಂಚೆ ಮುಗಿದದ್ದಂತೆ. ಕಿಟಕಿಗಳೆಲ್ಲ ಗೋಪುರದ ಕಡೆಗೆ. ಹಿಂದೆ, ಮೇಲಿನ ಕೇರಿಯ ಕಾಲುದಾರಿಯ ಕಡೆಗೆ, ಬೋಳು ಗೋಡೆ. ನಡೆಸುವವಳು ಈ ಊರಲ್ಲೇ ಹುಟ್ಟಿದ ಹೆಂಗಸು. ವಯಸ್ಸು ಐವತ್ತರ ಮೇಲೆ, ಬಾಯಿ ಮಾತ್ರ ಇಪ್ಪತ್ತರದು. ‘ಗೋಪುರ ಕಾಣೋ ಕೋಣೆ ಕೊಡ್ತೀನಿ’ ಎಂದಳು. ‘ಕಾಣದಿರೋದು ಕೊಡು’ ಎಂದೆ. ‘ಅದು ಪಾಯಖಾನೆ ಒಂದೇ’ ಎಂದಳು.

ಕೋಣೆಗೆ ಹೋಗಿ ಕಿಟಕಿ ಪರದೆ ಎಳೆಯಲು ಕೈ ಹಾಕಿದೆ. ಅಂಚಿನ ಮೂಲೆಯಲ್ಲಿ ದಾರ ಎರಡು ಸಲ ಹಿಂದಕ್ಕೆ ತಿರುಗಿತ್ತು. ಅದು ನಿನ್ನ ಅತ್ತೆ ಮಗಳಿಗೆ ಕಲಿಸಿದ ಹೊಲಿಗೆ. ಈ ಮನೆಯ ಪರದೆಯೆಲ್ಲ ಅವಳೇ ಹೊಲಿದದ್ದು ಎಂದು ನೀನು ಯಾಕೆ ಹೇಳಲಿಲ್ಲ?

ಈಗ ನನಗೆ ಬೇರೆ ಹುಳ ಹೊಕ್ಕಿದೆ. ನೀನು ಹಗ್ಗ ಬಿಡಲಿಲ್ಲ ಎನ್ನೋಣ. ಹಾಗಾದರೆ ಗಂಟೆ ಕೇಳುತ್ತಿದ್ದೂ ಅವಳು ಕೊಳ್ಳದ ಕಡೆ ಯಾಕೆ ಹೋದಳು? ಚಹಾದಂಗಡಿಯಲ್ಲಿ ಇಬ್ಬರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ನಿಲ್ಲಿಸಿದ ಮಾತು ಏನೆಂದು ನನಗೆ ಗೊತ್ತಾಗುತ್ತದೆ, ನಾನೇನು ಎಳೇ ಮಗುವಲ್ಲ. ಅವಳು ಬೇಕೆಂದೇ ಹೋದಳೇ? ನಿಮ್ಮಿಬ್ಬರ ನಡುವೆ ಏನಾದರೂ ಆಗಿತ್ತೇ?

ಮಂಜು ಬರುವ ತನಕ ಇಲ್ಲೇ ಇರುತ್ತೇನೆ.

ಮಾವ

&nbsp;

ಡಿಸೆಂಬರ್ 11

ಅಳಿಯನಿಗೆ,

ಮಂಜು ಬಂತು, ನೋಡಿದೆ. ನೀನು ಹಗ್ಗ ಬಿಡಲಿಲ್ಲ, ಒಪ್ಪಿದೆ. ಮಿಕ್ಕಿದ್ದು ಈ ಕಾರ್ಡಿನಲ್ಲಿ ಬರೆಯುವಂಥದ್ದಲ್ಲ, ಅಂಚೆಯವನು ಓದುತ್ತಾನೆ. ಊರಿನಿಂದ ಯಾರಾದರೂ ಏನಾದರೂ ಬರೆದರೆ ನಾನು ಹೇಳುವ ತನಕ ತಡೆದುಕೋ.

ಮಾವ

&nbsp;

ಡಿಸೆಂಬರ್ 20

ಮಾವನವರಿಗೆ,

ಇಷ್ಟು ದಿನ ತಡೆದುಕೊಂಡೆ. ಇನ್ನು ಆಗುವುದಿಲ್ಲ.

ಅಧ್ಯಕ್ಷರ ಕಾಗದ ಬಂದಿದೆ. ಮಂಜು ಕವಿದಿರುವಾಗ ನೀವು ಗೋಪುರ ಹತ್ತಿ, ಬಾರಿಸುತ್ತಿದ್ದವನನ್ನು ಪಕ್ಕಕ್ಕೆ ತಳ್ಳಿ, ಗಂಟೆಯ ನಾಲಿಗೆಗೆ ನಿಮ್ಮ ಶಾಲು ಸುತ್ತಿ ಬಿಗಿದು ಕಟ್ಟಿದಿರಂತೆ. ಬಿಚ್ಚಲು ಬಂದವರ ಮೇಲೆ ಕೈ ಎತ್ತಿದಿರಂತೆ. ಗೋಪುರ ಎದ್ದ ಮೇಲೆ ಮಂಜಿನಲ್ಲಿ ಆ ಗಂಟೆ ಮೂಕವಾದದ್ದು ಇದೇ ಮೊದಲು. ‘ನಿನ್ನ ಮಾವನಿಗೆ ದುಃಖದಿಂದ ಬುದ್ಧಿ ಕೆಟ್ಟಿದೆ, ಬಂದು ಕರೆದುಕೊಂಡು ಹೋಗು’ ಎಂದು ಬರೆದಿದ್ದಾರೆ.

ನಾನು ಊರು ಬಿಟ್ಟವನು ನಿಜ, ಆದರೆ ಅದು ನಮ್ಮ ಅಜ್ಜ, ಮುತ್ತಜ್ಜ ಎಳೆದ ಹಗ್ಗ. ನನ್ನನ್ನು ಹಗ್ಗ ಬಿಟ್ಟವನು ಎಂದವರು ನೀವು. ಈಗ ನೀವೇ ಗಂಟೆಯ ಬಾಯಿ ಕಟ್ಟಿದ್ದೀರಿ. ಅವತ್ತು ಮೇಲೆ ಯಾರಾದರೂ ಇದ್ದಿದ್ದರೆ? ಯಾರದಾದರೂ ಮಗಳು?

ನೀವು ಕೇಳಿದ್ದಕ್ಕೆ ಉತ್ತರ. ಹೌದು, ಅವಳು ಬಿದ್ದ ದಿನ ಬೆಳಗ್ಗೆ ಮಾತಿಗೆ ಮಾತು ಬೆಳೆದಿತ್ತು. ‘ಈ ಊರು ಅಂಗಡಿಯಾಯ್ತು, ಇಳಿದು ಹೋಗೋಣ, ಅಪ್ಪನ ಹತ್ತಿರ ಮನೆ ಮಾಡೋಣ’ ಎಂದಳು. ‘ಹೋಗೋದಾದ್ರೆ ನೀನೇ ಹೋಗು’ ಎಂದೆ. ಬಟ್ಟೆ ಗಂಟು ಎತ್ತಿಕೊಂಡು ಹೊರಟಳು, ಹಿಂತಿರುಗಿ ನೋಡಲಿಲ್ಲ. ಊರವರು ಆಡುವುದು ನನ್ನ ಕಿವಿಗೂ ಬಿದ್ದಿದೆ. ಅದಕ್ಕೇ ಇಳಿದು ಬಂದದ್ದು. ರಾತ್ರಿಯಾದರೆ ಆ ‘ಹೋಗು’ ಒಂದೇ ಕೇಳಿಸುತ್ತದೆ.

ಏನು ನೋಡಿದಿರಿ? ಹೇಳಿಬಿಡಿ.

ನಿಮ್ಮ ಅಳಿಯ

&nbsp;

ಜನವರಿ 4

ಅಳಿಯನಿಗೆ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಮನೆಗೆ ವಾಪಸು ಬಂದು ತಗಡಿನ ಮುಂದೆ ಕೂತರೆ ಸುತ್ತಿಗೆ ಏಳುತ್ತಿಲ್ಲ. ನಿನ್ನ ಅತ್ತೆಗೆ ಹೇಳಿದೆ. ‘ಅವನಿಗೆ ಹೇಳದೆ ನನಗೆ ಯಾಕೆ ಹೇಳ್ತೀರಿ?’ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು. ಕೋಣೆಯ ಆ ಮೂವರನ್ನು ಹೊರಗೆ ಕಳಿಸು.

ಅವತ್ತು ಬೆಳಗ್ಗೆ ಬಿಸಿಲಿತ್ತು. ಮಗಳು ನಡೆದ ದಾರಿ ನೋಡುತ್ತೇನೆಂದು ಮೇಲಿನ ಕೇರಿಗೆ ಹೊರಟೆ. ಒಬ್ಬನೇ ಹೋಗಬೇಡಿ ಎಂದು ವಸತಿಗೃಹದವಳು ಕೋಲು ಹಿಡಿದು ಜೊತೆಗೆ ಬಂದಳು. ದಾರಿಯುದ್ದಕ್ಕೂ ಬಾಯಿ. ವಾಪಸು ಇಳಿಯುವಾಗ ಮಂಜು ಬಂತು. ಬಂತು ಎಂದರೆ ಬಂತು, ನನ್ನ ಕೈ ನನಗೇ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ಗಂಟೆ ಶುರುವಾಯಿತು.

‘ಇನ್ನೇನು ಭಯವಿಲ್ಲ ಬನ್ನಿ. ನಾನು ಈ ಗಂಟೆ ಕೇಳ್ಕೊಂಡೇ ಹುಟ್ಟಿದವಳು’ ಎಂದಳು. ಅವಳ ಶಾಲಿನ ತುದಿ ಹಿಡಿದು ಹಿಂದೆ ನಡೆದೆ.

ನನ್ನ ಎಡಗಿವಿ ತಗಡು ಬಡಿದು ಬಡಿದು ಸತ್ತಿದೆ, ನಿನಗೆ ಗೊತ್ತು. ಒಂದೇ ಕಿವಿಯವನಿಗೆ ಸದ್ದು ಕೇಳುತ್ತದೆ, ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲ. ಗಂಟೆ ನನಗೆ ಆಕಾಶದಿಂದಲೂ ಬರುತ್ತಿತ್ತು, ನನ್ನ ಹೊಟ್ಟೆಯೊಳಗಿಂದಲೂ ಬರುತ್ತಿತ್ತು. ಅದಕ್ಕೇ ಕಾಲು ಹೇಳಿದ್ದನ್ನಷ್ಟೇ ಕೇಳಿದೆ. ಅಷ್ಟು ಹೊತ್ತು ಕಾಲಡಿ ತುಳಿದು ಗಟ್ಟಿಯಾದ ನೆಲವಿತ್ತು. ಆಮೇಲೆ ಪುಡಿಗಲ್ಲು ಜಾರಿತು. ಇದು ದಾರಿಯಲ್ಲ.

‘ನಿಲ್ಲಮ್ಮಾ’ ಎಂದೆ.

‘ಯಾಕ್ರೀ ನಿಲ್ಲೋದು, ಗಂಟೆ ಇಲ್ಲೇ ಇದೆಯಲ್ಲ, ಎದುರಿಗೇ! ಇನ್ನು ಹತ್ತು ಹೆಜ್ಜೆ.’

ಶಾಲು ಹಿಡಿದು ಜಗ್ಗಿದೆ. ಕುಕ್ಕರಿಸಿ ಬಿದ್ದಳು. ‘ಮುದುಕನಿಗೆ ಹುಚ್ಚು ಹಿಡೀತು!’ ಎಂದು ಬೈದಳು. ಬೈಯುತ್ತಲೇ ಏಳಲು ಕೋಲು ಮುಂದಕ್ಕೆ ಊರಿದಳು. ಊರಲು ನೆಲವಿರಲಿಲ್ಲ.

ಕೋಲನ್ನು ಹಿಂದಕ್ಕೆ ಎಳೆದುಕೊಂಡಳು. ಇಬ್ಬರೂ ಅಲ್ಲೇ ಕೂತೆವು. ಗಂಟೆ ಬಡಿಯುತ್ತಲೇ ಇತ್ತು. ಅವಳು ಕತ್ತು ಆ ಕಡೆ ಈ ಕಡೆ ತಿರುಗಿಸಿ ಕೇಳಿದಳು. ಕೊನೆಗೆ ಮೆಲ್ಲಗೆ, ‘ಅದು ಎದುರು ಬಂಡೆಯಿಂದ ಬರ್ತಿದೆ’ ಎಂದಳು.

ಮಂಜು ಸ್ವಲ್ಪ ತೆಳುವಾದಾಗ ನೋಡಿದೆವು. ಕಾಲುದಾರಿಗೂ ಗೋಪುರಕ್ಕೂ ನಡುವೆ ಅವಳ ಮೂರಂತಸ್ತಿನ ಬೋಳು ಗೋಡೆ. ನೇರ ಬರುವ ಸದ್ದನ್ನು ಅದು ನುಂಗುತ್ತದೆ. ಕೊಳ್ಳದ ಆಚೆ ಬಂಡೆಗೆ ಬಡಿದು ತಿರುಗಿ ಬರುವ ಸದ್ದೊಂದೇ ದಾರಿಗೆ ಸಿಗುತ್ತದೆ. ಗಂಟೆಯನ್ನು ನಂಬಿ ನಡೆದವರು ಬಂಡೆಯ ಕಡೆ ನಡೆಯುತ್ತಾರೆ. ನಡುವೆ ಕೊಳ್ಳ. ಕೇರಿಯವರು ಮಂಜಿನಲ್ಲಿ ಹೊರಗೆ ಬರುವುದಿಲ್ಲ, ಬರುವ ಜನ ಬಸ್ಸಿನ ದಾರಿಯಲ್ಲಿ ಬರುತ್ತಾರೆ. ಈ ಗೋಡೆ ಎದ್ದ ಮೇಲೆ ಮಂಜಿನಲ್ಲಿ ಈ ದಾರಿ ಹಿಡಿದವಳು ನನ್ನ ಮಗಳೊಬ್ಬಳೇ.

ನಾನು ಓಡಿದೆ. ಈ ವಯಸ್ಸಿನಲ್ಲಿ ಹೇಗೆ ಓಡಿದೆನೋ. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು. ಮೇಲೆ ಇನ್ಯಾರಾದರೂ ಇದ್ದರೆ? ಗೋಪುರ ಹತ್ತಿ ನಾಲಿಗೆ ಕಟ್ಟಿದೆ. ಬಿಚ್ಚಲು ಬಂದವನಿಗೆ ಒಂದು ಕೊಟ್ಟದ್ದೂ ನಿಜ. ಕೈ ಎತ್ತಿದೆ ಎಂದು ಬರೆದಿದ್ದಾನಂತೆ ಅಧ್ಯಕ್ಷ. ಎತ್ತಿದ್ದಲ್ಲ, ಬಿಟ್ಟದ್ದೇ.

ಊರು ಸೇರಿತು. ನಾನು ಹೇಳಿದ್ದಕ್ಕೆ ನಕ್ಕರು. ‘ಒಂದು ಕಿವಿ ಕೇಳದವನು ಗಂಟೆಗೆ ತಪ್ಪು ಹುಡುಕ್ತಾನೆ’ ಎಂದನೊಬ್ಬ. ನ್ಯಾಯವೇ ಬಿಡು. ವಸತಿಗೃಹದವಳು ಮೂಲೆಯಲ್ಲಿ ಕೂತಿದ್ದಳು. ಅವಳ ಜೀವಮಾನದ ಗಳಿಕೆಯೆಲ್ಲ ಆ ಗೋಡೆಯಲ್ಲಿದೆ. ಬಾಯಿಬಿಡುವುದಿಲ್ಲ ಎಂದುಕೊಂಡೆ. ಅವತ್ತು ಬಿಡಲೂ ಇಲ್ಲ. ಎರಡು ದಿನ ಜ್ವರ ಎಂದು ಬಾಗಿಲು ಹಾಕಿಕೊಂಡಳು. ಮೂರನೇ ದಿನ ನಾನು ಬಸ್ಸಿಗೆ ಕಾಯುತ್ತಿದ್ದಾಗ ಶಾಲು ಹೊದ್ದು ಬಂದು, ಸಮಿತಿಯವರೆಲ್ಲ ಕೂತಿದ್ದ ಚಹಾದಂಗಡಿಯ ಮುಂದೆ ನಿಂತು, ‘ನಾನೂ ಬೀಳ್ತಿದ್ದೆ. ಈ ಮುದುಕ ಹಿಡ್ಕೊಂಡ’ ಎಂದಳು. ಅಷ್ಟೇ ಹೇಳಿ ತಿರುಗಿ ಹೋದಳು. ಒಬ್ಬನೂ ನಗಲಿಲ್ಲ.

ಗೋಡೆ ಕೆಡವುತ್ತಾರೆಂದು ನಾನು ನಂಬಿಲ್ಲ. ಸದ್ಯಕ್ಕೆ ಗಂಟೆಯ ನಾಲಿಗೆಗೆ ಕಟ್ಟಿದ ಶಾಲು ಬಿಚ್ಚಿಲ್ಲ. ಕೊಳ್ಳದ ಅಂಚಿಗೆ ಸರಪಳಿ ಹಾಕುವ ಮಾತಾಗಿದೆ.

ನಿನ್ನ ಮೇಲೆ ಹಾಕಿದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಇನ್ನು ಹೇಳುವುದಿಲ್ಲ.

ಮಾವ

&nbsp;

ಜನವರಿ 15

ಮಾವನವರಿಗೆ,

ಓದಿದೆ.

ಪಕ್ಕದವನು ಕೈ ಬದಲಿಸುತ್ತೇನೆಂದಾಗ ಕೊಡಲಿಲ್ಲ ಎಂದು ಬರೆದಿದ್ದೆ. ಅವನಿಗೆ ಅಷ್ಟು ಜೋರು ಬರುವುದಿಲ್ಲ ಎಂದೇ ಕೊಡಲಿಲ್ಲ.

ನಾನು ನಿಲ್ಲಿಸಿದ್ದಿದ್ದರೆ ಅವಳೂ ನಿಲ್ಲುತ್ತಿದ್ದಳು. ಅಲ್ಲವೇ?

ನೀವು ನವೆಂಬರಿನಲ್ಲಿ ಬರೆದದ್ದೇ ಸರಿಯಿತ್ತು, ತಿರುಗಾಮುರುಗಾ ಅಷ್ಟೆ. ಮಗು ನಿಮ್ಮ ಹತ್ತಿರವೇ ಇರಲಿ. ಈ ಕೈಗೆ ಕೊಡಬೇಡಿ.

ಅಳಿಯ

&nbsp;

ಜನವರಿ 19

ಅಳಿಯಂದಿರಿಗೆ,

ನಿಮ್ಮ ಕಾಗದ ಈಗ ಬಂತು. ಅಂಚೆ ಡಬ್ಬಿ ತೆಗೆಯುವ ಮುಂಚೆ ಇದನ್ನು ಹಾಕಬೇಕು, ಅಕ್ಷರ ಸೊಟ್ಟಗಿದ್ದರೆ ಸೈರಿಸಿಕೊಳ್ಳಿ.

ನೀವು ಕೇಳಿದ್ದಕ್ಕೆ ಹೌದೆಂದೂ ಅನ್ನಲಾರೆ, ಇಲ್ಲವೆಂದೂ ಅನ್ನಲಾರೆ. ಸುಳ್ಳು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಅದೇ ಪ್ರಶ್ನೆ ನನ್ನ ಹತ್ತಿರವೂ ಇದೆ. ಆ ಗಂಟೆ ಹಿಡಿದು ನಡೆಯುತ್ತೇನೆ ಎಂದು ಮಗಳು ಬರೆದಾಗ, ಶಹಬ್ಬಾಸ್ ಎಂದು ವಾಪಸು ಬರೆದವನು ನಾನು. ಗೋಡೆ ಕಟ್ಟಿದವಳಿಗೂ ಇದೆ. ಆ ಕಟ್ಟಡದ ಕಿಟಕಿಗೆ ಪರದೆ ಹೊಲಿದವಳನ್ನು ಕೇಳಲು ಅವಳಿಲ್ಲ. ಎಲ್ಲರೂ ಒಂದೊಂದು ತುದಿ ಹಿಡಿದುಕೊಂಡು ಬದುಕಬೇಕು, ಬೇರೆ ದಾರಿ ನನಗೆ ಗೊತ್ತಿಲ್ಲ.

ಆದರೆ ಒಂದು ಗೊತ್ತು. ‘ಹೋಗು’ ಎಂದಿದ್ದಿರಿ, ಅವಳು ಹೋಗಲಿಲ್ಲ. ಅವಳು ಎಲ್ಲಿಂದ ಬಿದ್ದಳೋ ಅಲ್ಲಿಗೆ ನಾನು ಹೋಗಿ ಕೂತು ಬಂದಿದ್ದೇನೆ. ಅಲ್ಲಿಂದ ಗಂಟೆ ಎದುರಿಗೇ ಕೇಳುತ್ತದೆ, ಹತ್ತು ಹೆಜ್ಜೆಯಲ್ಲಿ ಮನೆ ಎಂಬಷ್ಟು ಹತ್ತಿರ. ಸಾಯಲು ಹೊರಟವಳು ಗಂಟೆಯ ಕಡೆಗೆ ನಡೆಯುವುದಿಲ್ಲ. ಹಗ್ಗ ಎಳೆಯುತ್ತಿರುವುದು ಯಾರು ಎಂದು ಅವಳಿಗೆ ಗೊತ್ತಿತ್ತು, ಸರದಿ ನಿಮ್ಮದಲ್ಲವೇ. ಜಗಳವಾಡಿ ಹೊರಟವಳು ನಿಮ್ಮ ಹತ್ತಿರಕ್ಕೇ ಬರುತ್ತಿದ್ದಳು. ಇದನ್ನು ಚಹಾದಂಗಡಿಯವರಿಗೂ ಹೇಳಿ ಬಂದಿದ್ದೇನೆ, ಕೇಳುವಂತೆ.

ಮಗು ಬೇಡ ಎಂದು ಬರೆದಿದ್ದೀರಿ. ನೀವು ಯಾರು ಬೇಡ ಅನ್ನಲು? ಪುಟ್ಟಿ ಟ್ರಂಕಿನ ಬಸ್ಸಿನಲ್ಲಿ ಈಗ ಹೊಸ ಸ್ಟಾಪು ಮಾಡಿದ್ದಾಳೆ, ‘ಅಪ್ಪನ ಆಸ್ಪತ್ರೆ’. ಅಲ್ಲಿ ಬಸ್ಸು ನಿಂತರೆ ಮುಂದಕ್ಕೆ ಬಿಡುವುದಿಲ್ಲ. ನಿಮ್ಮ ಅತ್ತೆ ಮಹಡಿಯ ಕೋಣೆ ತೊಳೆದು ಹಾಸಿಗೆ ಹಾಕಿದ್ದಾಳೆ. ನಮ್ಮ ಬೀದಿಯಲ್ಲಿ ಸೋರದ ನಲ್ಲಿ ಒಂದೂ ಇಲ್ಲ, ಕೆಲಸಕ್ಕೆ ಬರವಿಲ್ಲ.

ಇದು ಸೇರಿದ ದಿನವೇ ಹೊರಡಿ. ಆ ಮೂವರಲ್ಲಿ ಯಾರಾದರೂ ಒಬ್ಬರನ್ನು ಬಸ್ಸು ಹತ್ತಿಸಲು ಕರೆದುಕೊಂಡು ಬನ್ನಿ, ಒಬ್ಬರೇ ನಿಲ್ದಾಣಕ್ಕೆ ನಡೆಯಬೇಡಿ. ಹೊರಡಲು ಕಾಲೇಳದಿದ್ದರೆ ಏಳಬೇಡಿ. ಇದ್ದಲ್ಲೇ ಕೂತಿರಿ. ಯಾವ ಸದ್ದು ಕೇಳಿದರೂ ಆ ಕಡೆ ಹೋಗಬೇಡಿ. ಇಪ್ಪತ್ತನಾಲ್ಕರ ಸಂಜೆಯ ಬಸ್ಸಿನಲ್ಲಿ ನೀವು ಇಳಿಯದಿದ್ದರೆ, ಮಗುವನ್ನು ಎತ್ತಿಕೊಂಡು ನಾವೇ ಬರುತ್ತೇವೆ.

ನಿಮ್ಮ ದಾರಿ ನೋಡುತ್ತಿರುವ,
ಮಾವ